ಜಗಲಿ ದಫೇದಾರ್ರು

ನಿವೃತ್ತ ಪೊಲೀಸ್ ದಫೇದಾರ್ ಬೋರಲಿಂಗಯ್ಯನವರ ಪ್ರಕಾರ ಎಲ್ಲಿ ಕಳವಾದರೂ ಕಾರಣ ಒಂದೇ, ಅಲ್ಲಿ ಜಗಲಿ ಇರಲಿಲ್ಲ. "ಆ ಕೇರಿಯೋರ್ದೇ ಕೈವಾಡ" ಎಂದು ಸರಗೂರಿನ ಹೋಟೆಲಿನಲ್ಲಿ ಯಾರಾದರೂ ಬಾಯಿ ಬಿಟ್ಟರೆ ಸಾಕು, ಅವರ ಮೀಸೆ ನಿಗುರುತ್ತದೆ. "ಕಳ್ತನ ಕುಲದಲ್ಲಿಲ್ಲ ಕಣ್ರೀ, ಜಗಲಿ ಇಲ್ದಿರೋ ಬೀದೀಲದೆ. 'ಯಾರ ಮಗನ್ಲಾ ನೀನು?' ಅಂತ ಕೇಳೋ ಅಜ್ಜಿ ಕೂತಿರೋ ಕಡೆ ಯಾವ ಕಳ್ಳ ಕಾಲಿಡ್ತಾನೆ?" ಸರ್ವಿಸಿನಲ್ಲಿದ್ದಾಗ ಅಂಥ ಅಜ್ಜಿಯರಿಗೆ ಎಲೆಅಡಿಕೆ ಕೊಟ್ಟು, ಸಾಹೇಬರಿಗಿಂತ ಜೋರಾಗಿ ಸಲ್ಯೂಟ್ ಹೊಡೆದವರು. ಈಗ ಬಡಾವಣೆಯವರೆಲ್ಲ ಕಾಂಪೌಂಡ್ ಎಬ್ಬಿಸಿದರೆ ಇವರು ಜಗಲಿ ಕಟ್ಟಿಸಿ, ಹಾದುಹೋಗುವವರನ್ನೆಲ್ಲ ಅಜ್ಜಿಯ ಆ ಪ್ರಶ್ನೆ ತಾವೇ ಕೇಳುತ್ತಾರೆ. ಜನ ಮುಖ ತಿರುಗಿಸಿ ನಡೆಯುತ್ತಾರೆ. ನಿಂತು ಉತ್ತರಿಸಿದವನು ಒಬ್ಬನೇ, ಹಿಂದೆ ಇವರೇ ಹಿಡಿದು ಜೈಲಿಗೆ ಕಳಿಸಿದ್ದ ಕಳ್ಳ: "ಪಟೇಲ್ ದೊಡ್ಡೇಗೌಡ್ರ ಮಗ ಸಾ." ಬೋರಲಿಂಗಯ್ಯನವರು ಸರಿದು ಜಾಗ ಕೊಟ್ಟರು. ಈಗ ಸಂಜೆ ಹೊತ್ತು ಆ ಜಗಲಿಯಿಂದ "ಯಾರ ಮಗನ್ಲಾ?" ಎಂದು ಇಬ್ಬರೂ ಕೇಳುತ್ತಾರೆ.