ಇನ್ನೊಂಚೂರು ಗದ್ದ ಮೇಲೆ

ಆ ಓಣಿಯ ಫೋಟೊ ಸ್ಟುಡಿಯೋಗೆ ಬೋರ್ಡಿನ ಮೇಲೆ ಏನೋ ಒಂದು ಹೆಸರಿತ್ತು. ಜನರ ಬಾಯಲ್ಲಿ ಮಾತ್ರ ಅದು ‘ಇನ್ನೊಂಚೂರು ಸ್ಟುಡಿಯೋ’. “ಇನ್ನೊಂಚೂರು ಗದ್ದ ಮೇಲೆ... ಇನ್ನೊಂಚೂರು ಈ ಕಡೆ...” ಎನ್ನುತ್ತ ಅದರ ಮಾಲೀಕ ದೀಪ ಸರಿಸಿ, ಪರದೆ ಎಳೆದು, ಮತ್ತೆ ದೀಪ ಸರಿಸುವಷ್ಟರಲ್ಲಿ ಹೊಸದಾಗಿ ಮದುವೆಯಾದವರು ಕೂಡ ಜಗಳವಾಡಿದವರಂತೆ ಮುಖ ಗಂಟು ಹಾಕಿಕೊಂಡಿರುತ್ತಿದ್ದರು. ಎಲ್ಲಿ ಫಿಲಂ ಹಾಳಾಗುತ್ತದೋ ಎಂಬ ಚಿಂತೆ ಪುಣ್ಯಾತ್ಮನ ತಲೆ ತಿನ್ನುತ್ತಿತ್ತು.

ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಒಳಕೋಣೆಯಲ್ಲಿ ಕೂತು ಫೋಟೊಗಳ ಅಂಚು ಕತ್ತರಿಸಿ ಕವರಿಗೆ ಹಾಕುತ್ತಿದ್ದವಳೂ ಅವಳೇ. ಊರಿನ ಮುಖಗಳೆಲ್ಲ ಅವಳ ಕೈ ದಾಟಿ ಹೋದವು, ಅವಳದೇ ಒಂದು ಫೋಟೊ ಇರಲಿಲ್ಲ. ಬಾಯ್ತುಂಬ ನಗುತ್ತಿದ್ದ ಅಕ್ಕನಿಗೆ ತಕ್ಕ ಬೆಳಕು ಸಿಗಲೆಂದು ತಮ್ಮ ವರ್ಷಗಟ್ಟಲೆ ಕಾಯುತ್ತಲೇ ಇದ್ದ.

ಅತಿಯಾಗಿ ಯೋಚಿಸುವವರಿಗೆಂದೇ ಬರೆದ ದಪ್ಪ ಪುಸ್ತಕವೊಂದನ್ನು ಒಮ್ಮೆ ಬಸ್ ನಿಲ್ದಾಣದಲ್ಲಿ ಕೊಂಡು ತಂದ. ದೀರ್ಘವಾಗಿ ಉಸಿರೆಳೆದು ಕೆಲಸ ಶುರುಮಾಡಿ ಎಂದಿತ್ತು. ಸರಿ, ಕ್ಯಾಮೆರಾ ಹಿಂದೆ ನಿಂತು ಉಸಿರೆಳೆದದ್ದೇ ಎಳೆದದ್ದು. ಎದುರಿಗಿದ್ದವರು ಇದೂ ಫೋಟೊದ ಶಾಸ್ತ್ರವೇನೋ ಎಂದುಕೊಂಡು ತಾವೂ ಎದೆಯುಬ್ಬಿಸಿದರು. ಫೋಟೊ ಬಂದಾಗ ನೋಡಿದರೆ ಇಡೀ ಕುಟುಂಬ ಕುಸ್ತಿಗೆ ನಿಂತಂತಿತ್ತು.

“ಪುಸ್ತಕದಲ್ಲಿರೋದು ಸರಿಯಾಗೇ ಇದೆ ಕಣೋ. ನೀನು ಅದನ್ನೂ ಕೂತ್ಕೊಂಡು ಯೋಚಿಸ್ತೀಯಲ್ಲ, ಅದೇ ತೊಂದರೆ” ಎಂದಳು ಅಕ್ಕ.

ಆ ವರ್ಷವೇ ಅಕ್ಕನ ಕಿವಿಯ ಕೆಳಗೊಂದು ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಗಲೇಬೇಕು, ಆದರೆ ಆಮೇಲೆ ಮುಖ ಒಂದು ಕಡೆಗೆ ಎಳೆದುಕೊಳ್ಳಬಹುದು ಎಂದರು ಡಾಕ್ಟರು. ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ಅವಳೇ ಬಂದು ಸ್ಟೂಲಿನ ಮೇಲೆ ಕೂತಳು.

“ಈ ಮುಖ ಇವತ್ತಿಗೆ ಮಾತ್ರ. ಬೇಗ ತೆಗಿ.”

ತಮ್ಮ ಕ್ಯಾಮೆರಾ ಹಿಂದೆ ನಿಂತ. ದೀಪ ಸರಿಸಿದ, ಸೆರಗು ಸರಿಮಾಡಿದ, ಗದ್ದ ಎತ್ತಿಸಿದ, ಇಳಿಸಿದ. ಅವನದು ಎರಡು ಕಣ್ಣಿನ ಹಳೇ ಕ್ಯಾಮೆರಾ. ನೋಡುವುದು ಮೇಲಿನ ಕಣ್ಣಿನಿಂದ, ಚಿತ್ರ ಮೂಡುವುದು ಕೆಳಗಿನದರಿಂದ. ಮೇಲಿನದರಲ್ಲಿ ಅಕ್ಕ ಸ್ಪಷ್ಟವಾಗಿ ಕಂಡಳು. ಕೊನೆಗೂ ಕ್ಲಿಕ್ ಎನಿಸಿ ಹಣೆ ಒರೆಸಿಕೊಂಡ.

“ಲೋ! ಕೆಳಗಿನ ಮುಚ್ಚಳಾನೇ ತೆಗೆದಿಲ್ವಲ್ಲೋ!”

ಇಷ್ಟೆಲ್ಲ ಯೋಚಿಸಿದವನು ಅದೊಂದನ್ನೇ ಮರೆತಿದ್ದ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೆರಗು ಜಾರಿ, ಕೂದಲು ಕೆದರಿ, ಅವನತ್ತ ಬೆರಳು ತೋರಿಸುತ್ತ ನಕ್ಕಳು. ಅವನು ಮುಚ್ಚಳ ಕಿತ್ತೆಸೆದು, ಫಿಲಂ ತಿರುಗಿಸಿ, ಏನೂ ನೋಡದೆ ಒತ್ತಿಬಿಟ್ಟ.

ಡಾಕ್ಟರು ಹೇಳಿದಂತೆಯೇ ಆಯಿತು. ಆಮೇಲೆ ಅಕ್ಕ ಬಹಳ ಕಾಲ ಬದುಕಿದಳು, ನಗುತ್ತಲೂ ಇದ್ದಳು, ಆದರೆ ಅರ್ಧ ಮುಖದಲ್ಲಿ.

ಈಗ ಅವನಿಗೂ ಕೂದಲು ನೆರೆತಿದೆ. ಆ ದಪ್ಪ ಪುಸ್ತಕ ಸ್ಟೂಲಿನ ಮೋಟು ಕಾಲಿನ ಕೆಳಗಿದೆ. ಇವತ್ತಿಗೂ ಯಾರಾದರೂ ಬಂದು ಕೂತರೆ “ಇನ್ನೊಂಚೂರು...” ಎಂದು ಬಾಯಿ ತೆರೆಯುತ್ತಾನೆ. ಎದುರಿನ ಗೋಡೆಯ ಮೇಲಿಂದ ಅಕ್ಕ ಪೂರ್ತಿ ಮುಖದಲ್ಲಿ ನಗುತ್ತ ಅವನತ್ತಲೇ ಬೆರಳು ತೋರಿಸುತ್ತಿರುತ್ತಾಳೆ. ಅವನು ಮಾತು ಅಲ್ಲಿಗೇ ಬಿಟ್ಟು, ಮುಚ್ಚಳ ತೆಗೆದು, ಕ್ಲಿಕ್ ಮಾಡುತ್ತಾನೆ.