ಅಂಚು ನೋಡುವ ಅತ್ತೆ

ಸೊಸೆಯಾದವಳು ಅತ್ತೆಯನ್ನು ಹೊಗಳಿದರೆ ಜನ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನಾನಂತೂ ಹೊಗಳುವವಳೇ.

ನನ್ನ ಅತ್ತೆ ಇಪ್ಪತ್ತೆಂಟು ವರ್ಷ ಟೋಕನ್ ಕಾರ್ಖಾನೆಯಲ್ಲಿ ಹಿತ್ತಾಳೆ ಬಿಲ್ಲೆ ಕತ್ತರಿಸಿ, ಅಚ್ಚೊತ್ತಿ, ತಿಕ್ಕಿ ಹೊಳಪು ಕೊಟ್ಟವರು. ನಿವೃತ್ತಿಯಾದ ಮೇಲೆ ಹಳೆ ನಾಣ್ಯಗಳ ಹುಚ್ಚು ಹತ್ತಿತು. ಭಾನುವಾರ ಬಂತೆಂದರೆ ನನ್ನನ್ನೂ ಎಳೆದುಕೊಂಡು ನಾಣ್ಯಪ್ರಿಯರ ಸಂಘಕ್ಕೆ ಹೊರಡುತ್ತಿದ್ದರು. ಅಲ್ಲಿ ಕಿಟಕಿಯ ಪಕ್ಕ ಪರೀಕ್ಷೆಯ ಮೇಜು. ಟಂಕಸಾಲೆಯಲ್ಲೇ ತಪ್ಪಾಗಿ ಹುಟ್ಟಿದ ನಾಣ್ಯಕ್ಕೆ ಅಲ್ಲಿ ಭಾರಿ ಮರ್ಯಾದೆ. ಆಮೇಲೆ ಯಾರೋ ಕುಟ್ಟಿ, ಕೊಯ್ದು ಕೆಡಿಸಿದ್ದು ಮೂರು ಕಾಸಿಗೂ ಬಾಳದು. ಯಾವುದು ಯಾವುದೆಂದು ಹೇಳುವವರು ಮೂವರು, ಮೂರು ಕುರ್ಚಿ. ನಾಲ್ಕನೆಯದು ತನಗೆ ಬೇಕೆಂಬುದು ಅತ್ತೆಯ ಒಂದೇ ಆಸೆ.

ಮೊದಲ ತಿಂಗಳೇ ಎಡವಟ್ಟು ಮಾಡಿಕೊಂಡರು. ಯಾರದೋ ಕಪ್ಪಾದ ನಾಣ್ಯ ಕೈಗೆ ಬಂತು. ಕಾರ್ಖಾನೆಯಲ್ಲಿ ತಿಕ್ಕದೆ ಏನನ್ನೂ ಪರೀಕ್ಷೆಗೆ ಕಳಿಸುತ್ತಿರಲಿಲ್ಲವಲ್ಲ, ಕೈಚೀಲದಿಂದ ಪಾಲಿಷ್ ತೆಗೆದು ಫಳಫಳ ಮಾಡಿಕೊಟ್ಟರು. ಹಳೆ ನಾಣ್ಯದ ಮೈಬಣ್ಣ ಹೋದರೆ ಬೆಲೆಯೂ ಹೋದಂತೆ. ಮೇಜಿನ ಹಿರಿಯರಾದ ಗಡಿಯಾರ ರಿಪೇರಿಯವರು ಕಟ್ಟಪ್ಪಣೆ ಮಾಡಿದರು: "ನೋಡಿ ಅಮ್ಮಾ, ಇನ್ಮೇಲೆ ಏನನ್ನೂ ಮುಟ್ಟಬೇಡಿ. ದೂರ ನಿಂತು ನೋಡಿ." ನನಗೆ ಅತ್ತೆಯ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು.

ಎರಡು ವರ್ಷ ಅವರು ನಿಂತೇ ನೋಡಿದರು.

ಹೋದ ವಾರ ಒಬ್ಬ ನರ್ಸಮ್ಮ ತಂದೆಯ ಪೆಟ್ಟಿಗೆಯಲ್ಲಿ ಸಿಕ್ಕಿದ ನಾಣ್ಯ ತಂದರು. ಯಾರೋ ಬಿಸ್ಕತ್ತು ಕಚ್ಚಿದ ಹಾಗೆ ಒಂದು ಕಡೆ ಅಂಚೇ ಇರಲಿಲ್ಲ. ಗಡಿಯಾರದವರು ಭೂತಗನ್ನಡಿ ಹಿಡಿದು, "ಕತ್ತರಿಸಿದ್ದಾರೆ," ಎಂದು ಬದಿಗಿಟ್ಟರು. ನರ್ಸಮ್ಮನ ಮುಖ ಬಾಡಿತು.

"ಕಚ್ಚಿರೋ ಕಡೆ ಬಿಡಿ, ಅದರ ಎದುರು ಅಂಚು ನೋಡಿ," ಎಂದರು ಅತ್ತೆ.

"ಅಲ್ಲಿಂದ ನಿಮಗೇನ್ ಕಾಣ್ಸುತ್ತೆ?"

"ನಂಗೆ ಕಾಣ್ಸಲ್ಲ. ಅದಕ್ಕೇ ನಿಮ್ಮನ್ನ ನೋಡಿ ಅಂತಿರೋದು. ಅಲ್ಲಿ ಅಂಚು ಸರಿಯಾಗಿ ಎದ್ದಿಲ್ಲ ಅಲ್ವಾ?"

ಅವರು ತಿರುಗಿಸಿ ನೋಡಿದರು. ಎದ್ದಿರಲಿಲ್ಲ.

"ಬಿಲ್ಲೆ ಕತ್ತರಿಸೋ ತಗಡು ಸರಿಯಾಗಿ ಮುಂದಕ್ಕೆ ಹೋಗ್ದೇ ಇದ್ರೆ, ಹಿಂದಿನ ಬಿಲ್ಲೆಯ ತೂತಿನ ಮೇಲೇ ಕತ್ತರಿ ಬಿದ್ದು, ಹೊಸ ಬಿಲ್ಲೆ ಒಂದು ಕಡೆ ಕಚ್ಚಿದ ಹಾಗೆ ಬರುತ್ತೆ. ಆಮೇಲೆ ಅಂಚು ಎಬ್ಬಿಸೋ ಮೆಷಿನ್‌ನಲ್ಲಿ ಒಂದು ಕಡೆ ಲೋಹನೇ ಇಲ್ಲ ಅಂದ್ರೆ ಎದುರು ಕಡೆಗೂ ಒತ್ತಡ ಸಿಗಲ್ಲ. ಕಚ್ಚಿನ ಹತ್ರ ಅಕ್ಷರ ಕಚಕ್ಕನೆ ತುಂಡಾಗಿದ್ಯಾ, ಮಾಸ್ತಾ ಹೋಗಿದ್ಯಾ?"

"ಮಾಸಿದೆ," ಎಂದರು ಗಡಿಯಾರದವರು, ಮೆಲ್ಲಗೆ.

"ಕತ್ತರಿಸಿದ್ರೆ ತುಂಡಾಗಿರ್ತಿತ್ತು. ಇಂಥ ಬಿಲ್ಲೆಗಳನ್ನ ಬುಟ್ಟಿಗಟ್ಟಲೆ ಎಸೆದಿದ್ದೀನಿ ಸ್ವಾಮಿ. ಹುಟ್ಟುವಾಗಲೇ ಆದ ತಪ್ಪು ಅದು."

ಉಳಿದಿಬ್ಬರೂ ನೋಡಿ ಹೌದೆಂದರು. ನರ್ಸಮ್ಮ ಓಡಿಬಂದು ಅತ್ತೆಯನ್ನು ತಬ್ಬಿಕೊಂಡರು. ನಾನು ಹೆಮ್ಮೆಯಿಂದ "ನಮ್ಮತ್ತೆ, ನಮ್ಮತ್ತೆ" ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದೆ.

ಗಡಿಯಾರದವರು ಡಬ್ಬಿಯಿಂದ ಇನ್ನೊಂದು ನಾಣ್ಯ ತೆಗೆದು ಅತ್ತೆಯತ್ತ ಚಾಚಿದರು. "ಇದು ಮೂರು ತಿಂಗಳಿಂದ ನಮಗೆ ಬಗೆಹರಿದಿಲ್ಲ. ತಗೊಳ್ಳಿ ಅಮ್ಮಾ, ಕೈಯಲ್ಲಿ ಹಿಡ್ಕೊಂಡೇ ನೋಡಿ."

ಅತ್ತೆ ಕೈ ಚಾಚಲಿಲ್ಲ.

"ನೋಡ್ತೀನಿ. ಮೊದಲು ಕುರ್ಚಿ ಹಾಕ್ಸಿ."

ಗಡಿಯಾರದವರು ತಾವೇ ಹೋಗಿ ಕುರ್ಚಿ ತಂದು ಮೇಜಿನ ಬಳಿ ಹಾಕಿದರು. ಅತ್ತೆ ಕೂತರು.