ಬಿಟ್ಟುಹೋದ ಹಳದಿ

ನಮ್ಮ ಚಿಕ್ಕಪ್ಪ ಹಲ್ಲು ಕಟ್ಟುವವನು. ಹಲ್ಲಿನ ಡಾಕ್ಟರಲ್ಲ, ಡಾಕ್ಟರು ಕಿತ್ತದ್ದಕ್ಕೆ ಬದಲಿ ಮಾಡಿಕೊಡುವವನು. ಅವರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಚಿಕ್ಕಪ್ಪ ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಜೋಡಿಸಿ, ಬೇಯಿಸಿ ಸೆಟ್ಟು ಮಾಡುತ್ತಾನೆ. ಬೇರೆ ಕೆಲಸ ಸಿಗುವ ತನಕ ಅಂತ ಬಂದು ಅವನ ಪಕ್ಕ ಪಾಲಿಶ್ ಹಾಕಲು ಕೂತವಳು ನಾನು. ಹನ್ನೊಂದು ವರ್ಷವಾಯಿತು, ಬೇರೆ ಕೆಲಸ ಇನ್ನೂ ದಾರಿಯಲ್ಲಿದೆ.

ಚಿಕ್ಕಪ್ಪನದು ಒಂದೇ ಹಟ: ಹಲ್ಲೆಂದರೆ ಬೆಳ್ಳಗಿರಬೇಕು. ಅವನ ಬಣ್ಣದ ಪಟ್ಟಿಯಲ್ಲಿ ಹದಿನಾರು ಮಾದರಿ ಹಲ್ಲುಗಳಿವೆ. ಅತಿ ಬಿಳಿಯದೊಂದನ್ನು ಬಿಟ್ಟು ಉಳಿದ ಹದಿನೈದನ್ನು ಅವನು ಮುಟ್ಟಿದ್ದೇ ಇಲ್ಲ. ಹಾಗಾಗಿ ಎಂಬತ್ತು ದಾಟಿದ ಅಂಚೆಯಜ್ಜನಿಗೂ, ಶಾಲೆಯ ಹೆಡ್‌ಮೇಡಮ್ಮಿಗೂ, ಕಟಿಂಗ್ ಶಾಪಿನ ಯಜಮಾನನಿಗೂ ಒಂದೇ ನಗು. ಮೂವರೂ ಬಸ್‌ಸ್ಟಾಪಿನಲ್ಲಿ ಒಟ್ಟಿಗೆ ನಕ್ಕರೆ ಬಚ್ಚಲುಮನೆಯ ಟೈಲ್ಸ್ ನೆನಪಾಗುತ್ತದೆ.

ಇಂಥವನ ಮನೆಯಲ್ಲೇ ಚಿಕ್ಕಮ್ಮ ಹಲ್ಲಿಲ್ಲದೆ ಕೂತಿದ್ದಳು. ಒಸಡಿನ ಕಾಯಿಲೆಯಿಂದ ಮೇಲಿನ ಸಾಲು ಪೂರ್ತಿ ಹೋಗಿ ಎಂಟು ತಿಂಗಳಾಗಿತ್ತು. ಚಿಕ್ಕಪ್ಪ ಮೂರು ಸೆಟ್ಟು ಮಾಡಿಕೊಟ್ಟಿದ್ದ. ಒಂದೊಂದನ್ನೂ ಒಂದು ದಿನ ಹಾಕಿ, ತೆಗೆದು, ಬೀರುವಿನೊಳಗೆ ಒಂದೊಂದು ಲೋಟದಲ್ಲಿ ಇಟ್ಟಿದ್ದಳು.

"ಒತ್ತುತ್ತಾ?" ಅಂತ ಚಿಕ್ಕಪ್ಪ ಕೇಳುತ್ತಿದ್ದ.

"ಇಲ್ಲ."

"ಸಡಿಲ ಇದೆಯಾ?"

"ಇಲ್ಲಾರೀ."

"ಮತ್ತೇನು ನಿನ್ನ ಕಷ್ಟ?"

"ಕನ್ನಡಿ ನೋಡಿದ್ರೆ ಯಾರೋ ಬೇರೆ ಹೆಂಗಸು ನಗ್ತಾಳೆ."

ಈ ಮಾತನ್ನು ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಇನ್ನಷ್ಟು ಉಜ್ಜಿ ಹೊಳಪು ಕೊಡಲು ನನಗೆ ಹೇಳಿದ.

ನಮ್ಮ ಮನೆಯಲ್ಲಿ ನಗು ಅಂತ ಇದ್ದದ್ದೇ ಚಿಕ್ಕಮ್ಮನದು. ಹೊಲಿಗೆ ಮೆಷಿನ್ನಿನ ಮುಂದೆ ಕೂತು ಅವಳು ನಕ್ಕರೆ, ಬೀದಿಯಲ್ಲಿ ಹೋಗುವವರೂ ಯಾಕೆಂದು ಗೊತ್ತಿಲ್ಲದೆ ನಗುತ್ತಿದ್ದರು. ಈಗ ಬಾಯಿ ತೆರೆದರೆ ಅಂಗೈ ಅಡ್ಡ ಬರುತ್ತಿತ್ತು. ಎಲ್ಲರ ಊಟವಾದ ಮೇಲೆ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಒಬ್ಬಳೇ ಉಣ್ಣುತ್ತಿದ್ದಳು. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು, ಚಿಕ್ಕಪ್ಪನ ಮೇಲೆ ಸಿಟ್ಟೂ ಬರುತ್ತಿತ್ತು. ಅವನಿಗೂ ಅವಳ ನಗು ಬೇಕಿತ್ತು ಅಂತ ಬಲ್ಲೆ. ಆದರೆ ಅವನು ಹೇಳಿಕೊಳ್ಳುವ ಆಸಾಮಿಯಲ್ಲ, ಸೆಟ್ಟು ಮಾಡುವ ಆಸಾಮಿ.

ಇಂಥ ಹೊತ್ತಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು ಬಂದರು. ನಿವೃತ್ತರು. ಅವರ ಹಳೇ ಸೆಟ್ಟು ಬಿರುಕು ಬಿಟ್ಟಿತ್ತು. ಹಲ್ಲು ನಮ್ಮ ಬೆಂಚಿನ ಮೇಲಿದ್ದರೂ ಮಾತು ಬಾಯಲ್ಲೇ ಇತ್ತು; ಸ್ಟೂಲಿನ ಮೇಲೆ ಕೂತು ರಸವಿದ್ಯೆಯ ಪಾಠ ಶುರು ಮಾಡಿದರು.

"ಹಿಂದಿನ ಕಾಲದಲ್ಲಿ ಸೀಸಾನ ಚಿನ್ನ ಮಾಡ್ತೀವಿ ಅಂತ ಕುಲುಮೆ ಮುಂದೆ ಕೂತಿರ್ತಿದ್ರಲ್ಲಪ್ಪ, ಅವರ ಪ್ರಕಾರ ನಾಕು ಹಂತ. ಮೊದಲು ಪದಾರ್ಥ ಕೊಳೆತು ಕಪ್ಪಾಗ್ಬೇಕು. ಆಮೇಲೆ ತೊಳೆದು ಬಿಳುಪು. ಆಮೇಲೆ ಹಳದಿ. ಕೊನೇಗೆ ಕೆಂಪು. ಕೆಂಪು ಬಂತು ಅಂದ್ರೆ ಪರುಷಮಣಿ ಸಿಕ್ಕ ಹಾಗೆ."

"ಚಿನ್ನ ಬಂತಾ?" ಅಂತ ಚಿಕ್ಕಪ್ಪ ಕೇಳಿದ.

"ಎಲ್ಲಿಂದ ಬರುತ್ತೆ? ಹೊಗೆ ಬಂತು. ಅದಕ್ಕೇ ಕೆಲವರು ಹೇಳೋದು, ಬದಲಾಗೋದು ಸೀಸ ಅಲ್ಲ, ಕುಲುಮೆ ಊದೋನು ಅಂತ. ಆಮೇಲಾಮೇಲೆ ಬಹಳ ಜನ ಹಳದೀನ ಕೈಬಿಟ್ರು. ಮೂರೇ ಹಂತ ಸಾಕು ಅಂದ್ರು."

"ಬುದ್ಧಿವಂತರು," ಅಂದ ಚಿಕ್ಕಪ್ಪ. ಹಳದಿ ಅವನ ಹುಟ್ಟು ವೈರಿ. ಮೇಷ್ಟ್ರ ಬಿರುಕು ಅಂಟಿಸಿಕೊಟ್ಟದ್ದಲ್ಲದೆ, ಅವರು ಬೇಡವೆಂದರೂ ಬೆಳ್ಳನೆಯ ಹೊಸ ಸೆಟ್ಟೊಂದನ್ನು ಮಾಡಿ ಕೊಟ್ಟ.

ಅವತ್ತಿನಿಂದ ಚಿಕ್ಕಪ್ಪ ನಮ್ಮ ತಲೆ ತಿನ್ನತೊಡಗಿದ. ಹುಳುಕು ಹಲ್ಲು ಕಪ್ಪು, ಪ್ಲಾಸ್ಟರ್ ಬಿಳುಪು, ಮೇಲೆ ಕೂರಿಸುವ ಒಸಡು ಕೆಂಪು. ಹೀಗಾಗಿ ನಮ್ಮ ಬೆಂಚೇ ಕುಲುಮೆ, ಅವನೇ ರಸಸಿದ್ಧ. ನನಗೆ ನೆಗಡಿಯಾಗಿ ಮೂಗು ಕೆಂಪಾದರೆ, "ಕೊನೇ ಹಂತ, ಇನ್ನು ನೀನು ಚಿನ್ನಾನೇ," ಅಂದ. ಒಂದು ಮಧ್ಯಾಹ್ನ ಚಿಕ್ಕಮ್ಮನ ಪಾತ್ರೆ ತಳ ಹಿಡಿಯಿತು. ಚಿಕ್ಕಪ್ಪ ಬಾಗಿಲಲ್ಲಿ ನಿಂತು ಅರ್ಥ ಹೇಳಿದ:

"ಒಳ್ಳೇದೇ ಆಯ್ತು. ಕಪ್ಪು ಅಂದ್ರೆ ಅಹಂಕಾರ ಸುಟ್ಟುಹೋಗೋದು. ಹಳೇದು ಸಾಯದೆ ಹೊಸದು ಹುಟ್ಟಲ್ಲ."

"ಹಾಗಾದ್ರೆ ಮುಂದಿನ ಹಂತ ನೀವೇ ಮಾಡಿ," ಅಂತ ಚಿಕ್ಕಮ್ಮ ಪಾತ್ರೆ ಉಜ್ಜುವ ನಾರನ್ನು ಅವನ ಕೈಗೆ ಕೊಟ್ಟಳು. ರಸಸಿದ್ಧನಿಗೆ ಏನೋ ತುರ್ತು ಕೆಲಸ ನೆನಪಾಯಿತು.

ಅವಳ ಬಾಯಿಯಲ್ಲಿ ಬಿಳಿ ಹಂತ ಪೂರ್ತಿಯಾಗಿಲ್ಲ ಎಂದು ತೀರ್ಮಾನಿಸಿ, ನಾಲ್ಕನೇ ಸೆಟ್ಟನ್ನು ಪಟ್ಟಿಯಲ್ಲೂ ಇಲ್ಲದಷ್ಟು ಬೆಳ್ಳಗೆ ಮಾಡಿ ತಂದ. "ಬೆಳ್ಳಗಿರೋದೆಲ್ಲ ಹಾಲಲ್ಲ ರೀ," ಅಂತ ಚಿಕ್ಕಮ್ಮ ಅಂಗೈ ಹಿಂದಿನಿಂದ ಹೇಳಿ, ನಾಲ್ಕನೇ ಲೋಟ ತೆಗೆದಳು.

ಮಾರನೆಯ ದಿನ ಮೇಷ್ಟ್ರು ಮತ್ತೆ ಬಂದರು. ಬಾಯಲ್ಲಿ ಅಂಟಿಸಿದ ಹಳೇ ಸೆಟ್ಟು, ಕರ್ಚೀಫಿನಲ್ಲಿ ಹೊಸದು.

"ನಾಯಿ ಬೊಗಳ್ತಪ್ಪ. ಹನ್ನೆರಡು ವರ್ಷದಿಂದ ಸಾಕಿದ ನಾಯಿ. ನಾನು ಇದನ್ನ ಹಾಕ್ಕೊಂಡು ನಕ್ಕೆ, ನನ್ನ ಗೇಟಿನ ಒಳಗೇ ಬಿಡಲಿಲ್ಲ."

ಚಿಕ್ಕಪ್ಪನ ಮುಖ ಸಪ್ಪಗಾಯಿತು. "ಬಿಳುಪು ಚೆನ್ನಾಗಿದೆಯಲ್ಲ ಮೇಷ್ಟ್ರೇ?"

"ಚೆನ್ನಾಗಿದೆ. ಬಿಳುಪಿಗೆ ಹಿಂದಿನವರು ಹೇಳ್ತಿದ್ದ ಅರ್ಥ ಗೊತ್ತಾ? ತೊಳೆದಿಟ್ಟ ಮೈ. ಕೊಳೆ ಹೋಗಿದೆ, ಜೀವ ಬಂದಿಲ್ಲ. ಬೆಳದಿಂಗಳ ಹಾಗೆ ಎರವಲು ಬೆಳಕು. ಹಳದಿ ಅಂದ್ರೆ ಸ್ವಂತ ಬಿಸಿಲು, ಹಣ್ಣಾಗೋದು. ಅದನ್ನ ಬಿಟ್ಟವರು ಅವಸರದವರು ಅಂತ ನನ್ನ ಅಭಿಪ್ರಾಯ. ನೀನೂ ಅದೇ ಪೈಕಿ."

ಮೇಷ್ಟ್ರು ಹೋದ ಮೇಲೆ ಚಿಕ್ಕಪ್ಪ ಅವರು ವಾಪಸು ಕೊಟ್ಟ ಸೆಟ್ಟನ್ನು ಡ್ರಾಯರಿಗೆ ಹಾಕಿ ಮುಚ್ಚಿದ. ಆಮೇಲೆ ನನ್ನ ಕಡೆ ತಿರುಗದೆ ಕೇಳಿದ:

"ಅವಳು ನಗ್ತಿರೋ ಫೋಟೋ ನಿನ್ನ ಹತ್ರ ಇದೆಯಾ?"

ಮನೆಯ ಫೋಟೋಗಳಲ್ಲೆಲ್ಲ ಚಿಕ್ಕಮ್ಮ ಪಾಸ್‌ಪೋರ್ಟಿಗೆ ಕೂತವಳ ಹಾಗೆ ಬಿಗಿದುಕೊಂಡಿದ್ದಾಳೆ. ನನ್ನ ಫೋನಿನಲ್ಲಿ ಒಂದಿತ್ತು. ಗಾಳಿಗೆ ಕೊಡೆ ಉಲ್ಟಾ ಹೊಡೆದಾಗ ಅವಳು ಕೊಡೆಯನ್ನು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕದ್ದು. ದೊಡ್ಡದು ಮಾಡಿ ತೋರಿಸಿದೆ. ಚಹಾ ಕುಡಿದು ಹಳದಿಗಟ್ಟಿದ ಹಲ್ಲು. ಎಡಗಡೆಯ ಕೋರೆ ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿದೆ. ಮುಂದಿನ ಹಲ್ಲೊಂದರ ತುದಿಯಲ್ಲಿ ಸಣ್ಣ ಕಚ್ಚು. ಮೂವತ್ತು ವರ್ಷ ದಾರ ಕಡಿದು ಕಡಿದು ಬಿದ್ದದ್ದು.

"ದಿನಾ ಎದುರಿಗೇ ಇತ್ತು ಕಣೆ," ಅಂದ ಚಿಕ್ಕಪ್ಪ. "ನೋಡೇ ಇಲ್ಲ ನಾನು."

ಪಟ್ಟಿಯ ಹದಿಮೂರನೇ ಮಾದರಿಗೆ, ಹಳದಿ ಛಾಯೆಯದಕ್ಕೆ, ಮೊದಲ ಸಲ ಕೈ ಹಾಕಿದ. ಕೋರೆಯನ್ನು ಮೇಣದಲ್ಲಿ ಓರೆಯಾಗಿ ಕೂರಿಸುತ್ತಾನೆ, ಮರುಗಳಿಗೆ ಅವನ ಹೆಬ್ಬೆರಳು ತಾನಾಗಿಯೇ ಅದನ್ನು ನೆಟ್ಟಗೆ ಮಾಡುತ್ತದೆ. ಕೊನೆಗೆ, "ನನ್ನ ಕೈ ಹಿಡ್ಕೋ," ಅಂದ. ಹಿಡಿದುಕೊಂಡೆ. ತೆಳ್ಳನೆಯ ಅರದಿಂದ ದಾರದ ಕಚ್ಚು ಕೊರೆಯುವಾಗ ಕಳ್ಳನ ಹಾಗೆ ಬಾಗಿಲ ಕಡೆ ನೋಡುತ್ತಿದ್ದ. ಊರಿಗೆಲ್ಲ ಹಲ್ಲು ಸರಿಮಾಡಿದವನು ಬೇಕಂತಲೇ ಹಲ್ಲು ಕೆಡಿಸುತ್ತಿದ್ದ.

"ಐದನೇ ಲೋಟ ಇಲ್ಲ ಮನೇಲಿ," ಅಂದಳು ಚಿಕ್ಕಮ್ಮ, ಅವನು ಹೊಸ ಸೆಟ್ಟನ್ನು ಕೈಗಿಟ್ಟಾಗ. ಆದರೂ ಗೋಡೆಗೆ ತಿರುಗಿ ಹಾಕಿಕೊಂಡಳು. ಕನ್ನಡಿಯ ಹತ್ತಿರ ಹೋಗಲಿಲ್ಲ. ಒಲೆಯ ಮೇಲೆ ಅಡುಗೆ ಇಟ್ಟು ಬಂದು ಮೆಷಿನ್ನಿನ ಮುಂದೆ ಕೂತಳು, ಅರ್ಧಕ್ಕೆ ಬಿಟ್ಟಿದ್ದ ತೋಳು ಹೊಲಿದು ಮುಗಿಸಿದಳು, ಅಭ್ಯಾಸಬಲದಿಂದ ದಾರವನ್ನು ಬಾಯಿಗೆ ಒಯ್ದಳು. ದಾರ ಕಚ್ಚಿನಲ್ಲಿ ಕೂತು ಟಕ್ಕೆಂದು ತುಂಡಾಯಿತು.

ಅವಳ ಕೈ ಹಾಗೇ ನಿಂತಿತು. ನಾಲಿಗೆಯಿಂದ ಆ ಜಾಗವನ್ನು ಮುಟ್ಟಿ ನೋಡಿಕೊಂಡಳು. ಎದ್ದು ಹೋಗಿ ಕನ್ನಡಿಯ ಮುಂದೆ ನಿಂತಳು.

"ಓ, ಇವಳಾ," ಅಂದಳು. "ಇವಳು ನಂಗೆ ಗೊತ್ತು."

ಆಮೇಲೆ ನಕ್ಕಳು. ಕೈ ಬಾಯಿಯ ತನಕ ಬಂತು, ಮೇಲಕ್ಕೆ ಹೋಗಿ ಕೂದಲು ಸರಿಮಾಡಿಕೊಂಡಿತು. ಹೊರಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ತಿರುಗಿ ನೋಡಿ ನಕ್ಕ. ಚಿಕ್ಕಪ್ಪನ ಕಣ್ಣು, ಮೂಗು, ಕಿವಿ ಎಲ್ಲ ಕೆಂಪಾಗಿದ್ದವು.

ಒಳಗಿನಿಂದ ಸುಟ್ಟ ವಾಸನೆ ಬಂತು. ಅಡುಗೆ ತಳ ಹಿಡಿದಿತ್ತು. ಇನ್ನೇನು ಕಪ್ಪು ಹಂತದ ಪ್ರವಚನ ಶುರುವಾಗುತ್ತದೆ ಅಂತ ನಾನು ಕಾದೆ. ಚಿಕ್ಕಪ್ಪ ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿ, ತಾನೇ ನಾರು ಹುಡುಕಿಕೊಂಡು, ತೋಳು ಮಡಚಿ ಉಜ್ಜತೊಡಗಿದ.

"ಚಿಕ್ಕಪ್ಪ, ಇದು ಯಾವ ಹಂತ?"

"ಪಾತ್ರೆ ತೊಳೀತಿದೀನಿ ಕಣೆ," ಅಂದ. "ಹೋಗಿ ನಿನ್ನ ಚಿಕ್ಕಮ್ಮಂಗೂ ತಟ್ಟೆ ಇಡು."

ನಮ್ಮಿಬ್ಬರ ನಡುವೆ ಅವಳ ತಟ್ಟೆ ಇಟ್ಟೆ.